ಬಿಳಿಗಲ್ಲಿನ ಪೈಪುಗಳ ಊರಿನಲ್ಲಿ

ಬನಹಟ್ಟಿ

ನಮ್ಮವರಿಗೂ ತುರ್ಕಿಯ ಹಲೀಲ್ ಉಸ್ತಾದರಿಗೂ ನಾಲ್ಕೈದು ವರ್ಷಗಳ ಸ್ನೇಹ. ಆದರೂ ಒಬ್ಬರ ಮುಖವನ್ನೊಬ್ಬರು ನೋಡಿರಲಿಲ್ಲ. ಕೈಗಳನ್ನಷ್ಟೇ ನೋಡಿದ್ದರು.

ನಮ್ಮ ಮಾವನವರ ಕಾಲದಲ್ಲಿ ಈ ಮನೆಯಲ್ಲಿ ಮಗ್ಗದ ಲಾಳಿ, ನೂಲು ಸುತ್ತುವ ಕಂಡಿಕೆ ಇವುಗಳನ್ನು ಕಟ್ಟಿಗೆಯಲ್ಲಿ ಮಾಡುತ್ತಿದ್ದರು. ರಬಕವಿ, ಬನಹಟ್ಟಿಯ ಕೈಮಗ್ಗಗಳಿಗೆಲ್ಲ ಇಲ್ಲಿಂದಲೇ ಹೋಗುತ್ತಿದ್ದವು. ಪಾವರ್‌ಲೂಮು, ಪ್ಲಾಸ್ಟಿಕ್ಕು ಬಂದ ಮೇಲೆ ಆ ಕೆಲಸ ನಿಂತಿತು. ಹಿತ್ತಲ ಶೆಡ್ಡಿನಲ್ಲಿ ಲೇಥ್ ಮಷೀನು ಸುಮ್ಮನೆ ನಿಂತಿದ್ದಾಗ ಪಣಜಿಯ ವ್ಯಾಪಾರಿಯೊಬ್ಬರು ಮುರಿದ ತಂಬಾಕಿನ ಪೈಪೊಂದನ್ನು ತಂದು, ರಿಪೇರಿ ಆಗುತ್ತದೆಯೇ ನೋಡಿ ಎಂದರು. ನಮ್ಮವರು ನೋಡಿದರು. ಆಯಿತು. ಅಲ್ಲಿಂದ ಅದೇ ಅವರ ಕೆಲಸವಾಯಿತು. ಜನ ಕೊರಿಯರಿನಲ್ಲಿ ಪೈಪು ಕಳಿಸುವರು, ಇವರು ಸರಿಮಾಡಿ ತಿರುಗಿ ಕಳಿಸುವರು. ಸೀಸಂ ಕಟ್ಟಿಗೆಯಲ್ಲಿ ಹೊಸವನ್ನೂ ಮಾಡತೊಡಗಿದರು. ಬೀಡಿಯನ್ನು ಕೂಡ ಮುಟ್ಟದ ಮನುಷ್ಯ.

ಕೆಲವು ಪೈಪುಗಳು ಬಿಳಿಗಲ್ಲಿನವು. ಅವು ಬಂದರೆ ಇವರ ಕೈ ಓಡುತ್ತಿರಲಿಲ್ಲ. ಆ ಕಲ್ಲು ಸಿಗುವುದು ತುರ್ಕಿಯ ಎಸ್ಕಿಶೆಹಿರ್ ಎಂಬ ಊರಿನ ಸುತ್ತ. ಅಲ್ಲಿಯ ಹಳೆಯ ಕೆಲಸಗಾರ ಹಲೀಲ್ ಅವರ ನಂಬರನ್ನು ಅದೇ ವ್ಯಾಪಾರಿ ದೊರಕಿಸಿಕೊಟ್ಟರು. ಅಲ್ಲಿಂದ ವಿಡಿಯೊ ಬರತೊಡಗಿದವು: ಒಂದು ಮಾಸಿದ ಮೇಜು, ಎರಡು ದಪ್ಪ ಕೈ, ಬಿಳಿ ಪೈಪು, ಹಿಂದೆ ತುರ್ಕಿ ಭಾಷೆಯಲ್ಲಿ ಏನೇನೋ ಹೇಳುವ ಗಡಸು ದನಿ. ಇವರೂ ತಮ್ಮ ಕೈಕೆಲಸದ ವಿಡಿಯೊ ಕಳಿಸಿ, "ಇಲ್ಲಿ ನೋಡ್ರಿ ಉಸ್ತಾದ್, ಸ್ವಲ್ಪ ಸಡ್ಲ ಬಂತು" ಎಂದು ಬನಹಟ್ಟಿ ಕನ್ನಡದಲ್ಲೇ ಹೇಳುತ್ತಿದ್ದರು. ಅವರ ಮಾತು ಇವರಿಗೆ ತಿಳಿಯದು, ಇವರದು ಅವರಿಗೆ. ಕೆಲಸ ಮಾತ್ರ ನಡೆಯುತ್ತಿತ್ತು.

ಕಳೆದ ವರ್ಷ ಇದ್ದಕ್ಕಿದ್ದಂತೆ ವಿಡಿಯೊಗಳಲ್ಲಿ ದನಿ ನಿಂತಿತು. ಕೈ ಮಾತ್ರ ಕಾಣುತ್ತಿದ್ದವು. "ಫೋನಿನ ಮೈಕ್ ಕೆಟ್ಟೇತಿ, ಮುದುಕ್ರಿಗೆ ತಿಳದಿಲ್ಲ" ಎಂದು ನಮ್ಮವರು ನಕ್ಕಿದ್ದರು. ಆಮೇಲೆ ಅವರ ಮಗಳು ಎಲಿಫ್ ಇಂಗ್ಲಿಷಿನಲ್ಲಿ ಒಂದು ಸಂದೇಶ ಕಳಿಸಿದಳು. ಅಪ್ಪನೊಬ್ಬನಿಂದಲೇ ಆಗದ ಕೆಲಸ ಕೆಲವಿವೆ, ನಿಮ್ಮ ಯಜಮಾನರು ಬಂದು ಹೋಗಲಾದೀತೇ, ಕಲ್ಲಿನ ಕೆಲಸವನ್ನೂ ಕಲಿಸುತ್ತಾರಂತೆ, ಎಂದು. ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತಳಾಗಿದ್ದೆ. ಹೀಗಾಗಿ ನಮ್ಮವರ ಬಾಯಿಯಾಗಿ ನಾನೂ ಹೊರಟೆ.

ದಾರಿ

ಮುಂಬೈ ವಿಮಾನ ನಿಲ್ದಾಣದಲ್ಲಿ ನಮ್ಮವರ ಕೈಚೀಲದಿಂದ ಮಾವನವರ ಕಾಲದ ಸಣ್ಣ ಉಳಿ ಹೊರಬಂತು. ದೊಡ್ಡ ಪೆಟ್ಟಿಗೆಯಲ್ಲಿಡಿ ಎಂದು ನಾನು ಹೇಳಿದ್ದೆ. ಕಳೆದುಹೋದೀತೆಂದು ಜೊತೆಯಲ್ಲೇ ಇಟ್ಟುಕೊಂಡಿದ್ದರು. ಕಾವಲಿನ ಹುಡುಗಿ ಅದನ್ನು ಡಬ್ಬಿಯೊಳಗೆ ಒಗೆದಳು. ವಿಮಾನ ಏರಿದ ಮೇಲೂ ಇವರು ಬಲಗೈಯ ಬೆರಳು ತಿಕ್ಕಿಕೊಳ್ಳುತ್ತ ಕುಳಿತಿದ್ದರು.

ಇಸ್ತಾಂಬುಲ್‌ನಿಂದ ಎಸ್ಕಿಶೆಹಿರ್‌ಗೆ ಬಸ್ಸಿನಲ್ಲಿ ಹೋದೆವು. ಹೊರಗೆಲ್ಲ ಬೂದಿಬಣ್ಣ, ನಡುನಡುವೆ ಹಿಮ. ಬಸ್ಸಿನ ಸಹಾಯಕ ಬಂದು ಎಲ್ಲರ ಅಂಗೈಗೆ ಬಾಟಲಿಯಿಂದ ಏನೋ ಸುರಿಯುತ್ತ ಹೋದ. ನಮ್ಮವರು ಬಲಗೈ ಕೆಳಗೆ ಎಡಗೈ ಹಿಡಿದು ಭಕ್ತಿಯಿಂದ ತೆಗೆದುಕೊಂಡು, ತೀರ್ಥವೆಂದು ಬಾಯಿಗೆ ಹಾಕಿಕೊಂಡುಬಿಟ್ಟರು. ಅದು ನಿಂಬೆವಾಸನೆಯ ಅತ್ತರು, ಕೈ ಒರೆಸಿಕೊಳ್ಳುವುದಕ್ಕೆ. ಮುಖ ಕಿವುಚಿ ಕೆಮ್ಮಿದರು. ಪಕ್ಕದ ಅಜ್ಜಿ ಗಾಬರಿಯಾಗಿ ತನ್ನ ಚೀಲದಿಂದ ಕಿತ್ತಳೆ ಸುಲಿದುಕೊಟ್ಟಳು. "ಸಾಕ್ರೀ ಅಕ್ಕಾರ, ಸಾಕು" ಎಂದು ಇವರು ಕಣ್ಣೊರೆಸಿಕೊಂಡರು. ಆ ಪ್ರವಾಸದಲ್ಲಿ ನಾನು ಹೊಟ್ಟೆತುಂಬ ನಕ್ಕದ್ದು ಅದೊಂದೇ ಸಲ.

ಎಸ್ಕಿಶೆಹಿರ್

ನಿಲ್ದಾಣದಲ್ಲಿ ಕುತ್ತಿಗೆಗೆ ಉಣ್ಣೆಯ ಪಟ್ಟಿ ಸುತ್ತಿಕೊಂಡು ಎತ್ತರದ ಮುದುಕರೊಬ್ಬರು ನಿಂತಿದ್ದರು, ಪಕ್ಕದಲ್ಲಿ ಮಗಳು. ನಮ್ಮವರು ಮುಖ ನೋಡಲಿಲ್ಲ, ನೆಟ್ಟಗೆ ಕೈ ನೋಡಿದರು. "ಇವರ ನೋಡು" ಎಂದು ನನಗೆ ಹೇಳಿ ಹೋಗಿ ಆ ಕೈಗಳನ್ನು ಹಿಡಿದುಕೊಂಡರು. "ಆರಾಮದೀರೇನ್ರಿ ಉಸ್ತಾದ್? ಕಡೀಕ ನೋಡಿದ್ವಿ ನೋಡ್ರಿ."

ಮುದುಕರು ಬಾಯಿ ತೆರೆದರು, ದನಿ ಬರಲಿಲ್ಲ. ಕೋಟಿನ ಜೇಬಿನಿಂದ ಟಾರ್ಚಿನಂಥ ಒಂದು ಸಣ್ಣ ಯಂತ್ರ ತೆಗೆದು ಗಂಟಲಿಗೆ ಒತ್ತಿಹಿಡಿದರು. ತಗಡಿನ ಡಬ್ಬಿಯೊಳಗಿಂದ ಯಾರೋ ಮಾತಾಡಿದ ಹಾಗೆ ಏರಿಳಿತವಿಲ್ಲದ ಒಂದು ಸದ್ದು ಬಂತು. ನಮ್ಮವರು ಒಂದು ಹೆಜ್ಜೆ ಹಿಂದೆ ಸರಿದರು.

"ಗಂಟಲಿನ ಕ್ಯಾನ್ಸರ್," ಎಂದು ಎಲಿಫ್ ನನಗೆ ಇಂಗ್ಲಿಷಿನಲ್ಲಿ ಹೇಳಿದಳು. "ಹೋದ ವರ್ಷ ಧ್ವನಿಪೆಟ್ಟಿಗೆ ತೆಗೆದರು. ಈಗ ಉಸಿರಾಡುವುದು ಕುತ್ತಿಗೆಯಲ್ಲಿ ಮಾಡಿದ ತೂತಿನಿಂದ. ನಿಮಗೆ ತಿಳಿಸಬಾರದೆಂದು ಹೇಳಿದ್ದರು. ತಿಳಿದರೆ ಬರುವುದಿಲ್ಲ ಎಂದು ಹೆದರಿಕೆ."

ನಾನು ಅದನ್ನು ಕನ್ನಡದಲ್ಲಿ ಹೇಳಿದೆ. ನಮ್ಮ ಮೈದುನ ಸಂಗಪ್ಪ ಬಾಯಿಯ ಕ್ಯಾನ್ಸರಿನಿಂದ ತೀರಿಕೊಂಡು ಬಹಳ ದಿನಗಳಾಗಿರಲಿಲ್ಲ. ಜಮಖಂಡಿಯ ಬಸ್‌ಸ್ಟ್ಯಾಂಡಿನಲ್ಲಿ ಅವನದು ಹಣ್ಣಿನ ಅಂಗಡಿ. ಗುಟಕಾ ಇಲ್ಲದೆ ಒಂದು ತಾಸು ಇರುತ್ತಿರಲಿಲ್ಲ. ಕಡೆಕಡೆಗೆ ಬಾಯಿ ಒಂದು ಬೆರಳಿನಷ್ಟೂ ತೆರೆಯುತ್ತಿರಲಿಲ್ಲ. ಮೂಗಿನ ನಳಿಕೆಯಲ್ಲಿ ಗಂಜಿ ಹಾಕುತ್ತಿದ್ದವಳು ನಾನೇ.

ನಮ್ಮವರು ಮುದುಕರ ಕೈಯನ್ನು ಮತ್ತೆ ಹಿಡಿದುಕೊಂಡು ಕಾರಿನವರೆಗೂ ಬಿಡಲಿಲ್ಲ.

ಅಂಗಡಿ

ತುರ್ಕಿಯವರು ಅಂಗಡಿಗೆ 'ದುಕ್ಕಾನ್' ಎನ್ನುತ್ತಾರೆ, ಚಹಕ್ಕೆ 'ಚಾಯ್', ಗಾಳಿಗೆ 'ಹವಾ'. ಕೆಲಸ ಬಲ್ಲವನು 'ಉಸ್ತಾ'. ಹೀಗೆ ಗೊತ್ತಿದ್ದ ಮಾತು ಕಿವಿಗೆ ಬಿದ್ದಾಗಲೆಲ್ಲ ನಮ್ಮವರು ಇಡೀ ಭಾಷೆಯೇ ತಿಳಿದವರಂತೆ ನನ್ನ ಕಡೆ ನೋಡುತ್ತಿದ್ದರು. ಯಾರಾದರೂ ಕೆಲಸ ಮಾಡುತ್ತಿದ್ದರೆ ದಾರಿಹೋಕರು ಬಾಗಿಲಲ್ಲಿ ನಿಂತು, ಕೆಲಸ ಸಲೀಸಾಗಲಿ ಎಂದು ಹರಸಿ ಹೋಗುತ್ತಾರೆ. ನಮ್ಮಲ್ಲಿ "ಏನ್ ನಡಸೀರಿ?" ಎಂದು ಕೇಳಿ ಅರ್ಧ ತಾಸು ಕೂತುಬಿಡುತ್ತೇವೆ. ಅವರದೇ ಒಳ್ಳೆಯದು ಎನ್ನಿಸಿತು.

ಅಂಗಡಿ ಒಂದು ಹಳೆಯ ಕಟ್ಟಡದ ಕೆಳಗಿನ ಕೋಣೆ. ಕಿಟಕಿಯ ಗಾಜಿನ ಮೇಲೆ ಬಿಳಿಧೂಳು ಕೂತು ಹಗಲಿನಲ್ಲೂ ದೀಪ ಬೇಕು. ಮೊದಲು ಆ ಓಣಿಯ ತುಂಬ ಪೈಪಿನ ಅಂಗಡಿಗಳಿದ್ದವಂತೆ. ಈಗ ಒಂದರಲ್ಲಿ ಮೊಬೈಲು, ಒಂದರಲ್ಲಿ ಮದುವೆಯ ಉಡುಪು, ಉಳಿದವಕ್ಕೆ ಬೀಗ.

ಕಲ್ಲು ಬಕೀಟಿನ ನೀರಿನಲ್ಲಿ ನೆನೆಯುತ್ತದೆ. ನೆನೆದರೆ ಸಬಕಾರದಂತೆ ಮೆತ್ತಗೆ, ಚಾಕುವಿನಲ್ಲಿ ಕೊರೆಯಬಹುದು. ಆರಿಸಿ, ನುಣುಪು ಮಾಡಿ, ಕಾದ ಜೇನುಮೇಣದಲ್ಲಿ ಅದ್ದಿ ತೆಗೆಯುತ್ತಾರೆ. ಸೇದುತ್ತ ಹೋದಂತೆ ಬಿಳಿಯ ಪೈಪು ಹಳದಿಯಾಗಿ, ಆಮೇಲೆ ಜೇನಿನ ಬಣ್ಣಕ್ಕೆ ತಿರುಗುತ್ತದೆ. ಎಷ್ಟು ಬಣ್ಣವೋ ಅಷ್ಟು ಬೆಲೆ. ಆ ಬಣ್ಣ ಬರುವುದು ಏತರಿಂದ ಎನ್ನುವುದನ್ನು ಅಲ್ಲಿ ಯಾರೂ ಆಡುವುದಿಲ್ಲ.

ನಮ್ಮವರನ್ನು ಯಾಕೆ ಕರೆಸಿದ್ದರೆಂಬುದು ಮೊದಲ ದಿನವೇ ತಿಳಿಯಿತು. ಮೇಣದ ಪಾತ್ರೆ ಒಲೆಯ ಮೇಲಿತ್ತು. ಉಸ್ತಾದರು ತಮ್ಮ ಮೂಗನ್ನು ತೋರಿಸಿ, ಕೈ ಆಡಿಸಿ 'ಇಲ್ಲ' ಎಂದರು. ಉಸಿರು ಮೂಗಿನಿಂದ ಹೋಗದ ಮೇಲೆ ವಾಸನೆ ಎಲ್ಲಿಯದು? ಮೇಣ ಹೊತ್ತಿದರೆ ಪೈಪು ಕೆಡುತ್ತದೆ, ಅದು ಅವರಿಗೆ ಗೊತ್ತಾಗುತ್ತಿರಲಿಲ್ಲ. ಎಷ್ಟೋ ಪೈಪುಗಳನ್ನು ಹಾಗೇ ಕಳೆದುಕೊಂಡಿದ್ದರು. ನಮ್ಮವರು ಬಗ್ಗಿ ಮೂಸಿ, "ಇಳಸ್ರಿ, ಹೊತ್ತಾಕತ್ತೇತಿ" ಎಂದರು. ಮುದುಕರು ತಕ್ಷಣ ಇಳಿಸಿದರು.

ಇನ್ನೊಂದು ಅದಕ್ಕಿಂತ ದೊಡ್ಡದು. ಪೈಪು ಮಾಡಿದ ಮೇಲೆ ಬಾಯಲ್ಲಿಟ್ಟು ಖಾಲಿ ಗಾಳಿ ಎಳೆದು ನೋಡಬೇಕು. ಒಳಗೆ ಎಲ್ಲಾದರೂ ಬಿಗಿಯಿದ್ದರೆ, ಸೀಳಿದ್ದರೆ ಗಾಳಿಯೇ ಹೇಳುತ್ತದೆ. ಜೀವಮಾನವೆಲ್ಲ ಹಾಗೆ ಎಳೆದ ಮನುಷ್ಯನಿಗೆ ಈಗ ಬಾಯಿಂದ ಉಸಿರೆಳೆಯಲು ಬರುವುದಿಲ್ಲ. ಅವರು ಹೊಸ ಪೈಪೊಂದನ್ನು ಒರೆಸಿ ನಮ್ಮವರ ಕೈಗಿಟ್ಟರು. ನಮ್ಮವರು ಊರಲ್ಲಿ ಇದಕ್ಕೆ ಗಾಳಿ ಎಳೆಯುವ ಒಂದು ರಬ್ಬರಿನ ಬುರುಡೆ ಇಟ್ಟುಕೊಂಡಿದ್ದರು, ಬಾಯಿ ಹಚ್ಚುತ್ತಿರಲಿಲ್ಲ. ಇಲ್ಲಿ ಒಂದು ಗಳಿಗೆ ತಡೆದು, ತುಟಿಗಿಟ್ಟು ಎಳೆದರು. ನಾನು ಬೇರೆ ಕಡೆ ನೋಡಿದೆ.

"ಛಲೋ ಬರಾಕತ್ತೇತಿ" ಎಂದರು. ಮುದುಕರು ಸದ್ದಿಲ್ಲದೆ ನಕ್ಕರು. ಕುತ್ತಿಗೆಯ ಪಟ್ಟಿ ಮಾತ್ರ ಅಲುಗಿತು.

ಹೀಗೆ ದಿನಗಳು ಹೋದವು. ಒಬ್ಬರು ಕೊರೆಯುವರು, ಒಬ್ಬರು ಮೂಸಿ, ಎಳೆದು ನೋಡುವರು. ನನ್ನ ಇಂಗ್ಲಿಷ್ ಬೇಕಾಗುತ್ತಲೇ ಇರಲಿಲ್ಲ. ನಾನು ಮನೆಯಲ್ಲಿ ಎಲಿಫ್ ಜೊತೆ ಬೇಳೆಯ ಸಾರು ಕುದಿಸುತ್ತ, ಕಟ್ಟಿಕೊಂಡು ಹೋಗಿದ್ದ ಒಣಗಿದ ಕಟಕರೊಟ್ಟಿಯನ್ನು ಅದರಲ್ಲಿ ಅದ್ದಿ ತಿನ್ನುತ್ತ ಕಾಲ ಕಳೆದೆ.

ಬಾವಿಗಳ ಹಳ್ಳಿ

ಒಂದು ದಿನ ಎಲಿಫ್ ನಮ್ಮೆಲ್ಲರನ್ನೂ ಕಲ್ಲು ಸಿಗುವ ಹಳ್ಳಿಗೆ ಕರೆದೊಯ್ದಳು. ಬಯಲು ತುಂಬ ಮಣ್ಣಿನ ಗುಡ್ಡೆಗಳು. ಒಂದೊಂದು ಗುಡ್ಡೆಯ ಪಕ್ಕ ಒಂದೊಂದು ಬಾವಿ. ನೀರಿನ ಬಾವಿಯಲ್ಲ, ಹಗ್ಗ ಹಿಡಿದು ಇಳಿದು ಕಲ್ಲು ಹುಡುಕುವ ಬಾವಿ. ಬಹಳಷ್ಟಕ್ಕೆ ಹಲಗೆ ಮುಚ್ಚಿದ್ದರು. ರಬಕವಿಯಲ್ಲಿ ಮನೆಯೊಳಗೆ ನೆಲ ಅಗೆದು ಕಾಲು ಇಳಿಬಿಟ್ಟು ನೇಯುತ್ತಿದ್ದ ಕುಣಿಮಗ್ಗಗಳ ಕುಣಿಗಳನ್ನು ಸಿಮೆಂಟು ಹಾಕಿ ಮುಚ್ಚಿದ್ದು ನೆನಪಾಯಿತು. ಅಲ್ಲಿ ಮುಚ್ಚಿದ ಮೇಲೆ ಟಿ.ವಿ. ಇಟ್ಟರು. ಇಲ್ಲಿ ಹಿಮ ಬಿದ್ದಿತ್ತು.

ಒಂದು ಮನೆಯ ಮುಂದೆ ಕುತ್ತಿಗೆಗೆ ಮುಳ್ಳಿನ ಪಟ್ಟಿ ಹಾಕಿದ ದೈತ್ಯ ನಾಯಿ ಎದ್ದು ನಿಂತಿತು. "ನಮ್ಮ ಮುಧೋಳ ನಾಯಿ ಎರಡು ಕೂಡಿಸಿದ್ರೂ ಇದರ ಹೊಟ್ಟಿ ಆಗಾಂಗಿಲ್ಲ" ಎಂದು ನಮ್ಮವರು ನನ್ನ ಹಿಂದೆ ಬಂದರು. ಆ ಮನೆಯವನಿಂದ ಉಸ್ತಾದರು ಒಂದು ಚೀಲ ಕಚ್ಚಾ ಕಲ್ಲು ಆರಿಸಿ ತೆಗೆದುಕೊಂಡರು. ನಮ್ಮವರ ಹೆಗಲ ಮೇಲೆ ಕೈಯಿಟ್ಟು ಚೀಲವನ್ನು ತೋರಿಸಿದರು. ಅದು ಇವರಿಗೆಂದೇ. ಬನಹಟ್ಟಿಗೆ ಒಯ್ದು ಅಲ್ಲಿ ಈ ಕೆಲಸ ಶುರುಮಾಡಲಿ ಎಂದು. ಇವರು ಬಂದದ್ದೂ ಅದೇ ಆಸೆಯಿಂದ. ಇವರ ಕಣ್ಣು ತುಂಬಿದವು.

ಎಲಿಫ್ ಕಾರಿನ ಹತ್ತಿರ ಬೆನ್ನು ಮಾಡಿ ನಿಂತಿದ್ದಳು. ನಾನು ಹತ್ತಿರ ಹೋದಾಗ ಹೇಳಿದಳು: "ನೀವು ಬಂದದ್ದು ನನಗೆ ಸಂತೋಷವಿಲ್ಲ. ಅಪ್ಪ ಹೇಳಿದರೆಂದು ಆ ಸಂದೇಶ ಬರೆದೆ, ಅಷ್ಟೇ. ಕ್ಷಮಿಸಿ. ಅಪ್ಪನಿಗೆ ಮೂಗಿರಲಿಲ್ಲ, ಉಸಿರಿರಲಿಲ್ಲ. ಇನ್ನೇನು ಕೆಲಸ ಬಿಡುತ್ತಿದ್ದರು. ನಿಮ್ಮ ಗಂಡ ಬಂದು ಎರಡನ್ನೂ ಕೊಟ್ಟರು. ಅಪ್ಪ ಸೇದಿ ಹೀಗಾದರು. ಅವರು ಮಾಡಿದ ಪೈಪು ಎಷ್ಟು ಮನೆಗೆ ಹೋಗಿವೆಯೋ, ಅಲ್ಲಿ ಏನಾಯಿತೋ, ನನಗೆ ಯೋಚಿಸಲಿಕ್ಕೂ ಆಗುವುದಿಲ್ಲ. ಮುಚ್ಚಿ ಎಂದು ನಾನು ಹೇಳಿದರೆ ಯಂತ್ರವನ್ನು ಮೇಜಿನ ಮೇಲಿಟ್ಟುಬಿಡುತ್ತಾರೆ. ಮಾತೇ ಮುಗಿಯಿತು. ನಿಮ್ಮವರು ಹೇಳಿದರೆ ಕೇಳಬಹುದು."

ನದಿಯ ಸೇತುವೆ

ಎಸ್ಕಿಶೆಹಿರ್‌ನ ನಡುವೆ ಪೋರ್ಸುಕ್ ಎಂಬ ನದಿ ಹರಿಯುತ್ತದೆ. ನದಿಯೆಂದರೆ ನಮ್ಮ ಕೃಷ್ಣೆಯ ಕಾಲುವೆಯಷ್ಟು. ಎರಡೂ ಬದಿಗೆ ಕಲ್ಲು ಕಟ್ಟಿ, ಮೇಲೆ ಚಂದದ ಸೇತುವೆಗಳನ್ನು ಹಾಕಿದ್ದಾರೆ. ಮರುದಿನ ಸಂಜೆ ಅಲ್ಲಿ ನಿಂತು ಎಲಿಫ್ ಅಂದದ್ದನ್ನೆಲ್ಲ ನಮ್ಮವರಿಗೆ ಹೇಳಿದೆ.

"ನಾ ಯಾವ ಬಾಯಿಲೆ ಹೇಳ್ಲಿ? ಅವರು ಮಾಡೋದನ್ನ ನಾನೂ ಮಾಡಾಕತ್ತೇನಿ."

"ಹಂಗಾದ್ರ ನಾವರ ಯಾಕ ಮಾಡಬೇಕ್ರಿ?"

ಅವರು ತಟ್ಟನೆ ನನ್ನ ಕಡೆ ತಿರುಗಿದರು. "ಸಂಗಪ್ಪ ಗುಟಕಾ ತಿಂದು ಹ್ವಾದ. ಪೈಪ್ ಸೇದಿ ಅಲ್ಲ."

"ಒಳಗಿನ ತಂಬಾಕ ಒಂದ ಅಲ್ರಿ?"

ನೀರಿನ ಅಂಚಿನಲ್ಲಿ ಬಾತುಕೋಳಿಗಳು ಒಂದಕ್ಕೊಂದು ಒತ್ತಿಕೊಂಡು ಕೂತಿದ್ದವು. ಅವನ್ನೇ ನೋಡುತ್ತ ಕೇಳಿದರು, "ಇಷ್ಟ ದಿನಾ ಯಾಕ ಅನ್ಲಿಲ್ಲ ನೀ ಇದನ್ನ?"

"ನಿಮಗ ಗೊತ್ತಿಲ್ಲಂತ ನಾ ಅನಕೊಂಡಿರಲಿಲ್ರಿ."

"ಗೊತ್ತಿತ್ತು," ಎಂದರು. "ಆದ್ರ ಲೇಥ್ ನಿಂತ್ರ ನಾ ಏನ್ ಮಾಡ್ಲಿ ಕಸ್ತೂರಿ? ಮುಂಜಾನೆದ್ದು ಎಲ್ಲಿ ಹೋಗಿ ಕುಂದರ್ಲಿ? ಆ ಮುದುಕ್ರೂ ಅಷ್ಟ. ಅಂಗಡಿ ಮುಚ್ಚು ಅಂದ್ರ, ಇನ್ನ ನೀ ಎದ್ದ ಹೋಗು ಅಂದಾಂಗ. ನನ್ನ ಬಾಯಾಗ ಅದು ಬರೂದಿಲ್ಲ."

ನಾವು ಬಂದ ದಾರಿಯಲ್ಲೇ ತಿರುಗಿ ನಡೆದೆವು. ಹೆಪ್ಪುಗಟ್ಟಿದ ಹಿಮದ ಮೇಲೆ ಇಬ್ಬರೂ ಜಾರದಂತೆ ಒಬ್ಬರ ತೋಳನ್ನೊಬ್ಬರು ಹಿಡಿದಿದ್ದೆವು.

ಬಸ್ ನಿಲ್ದಾಣ

ಹೊರಡುವ ದಿನ ಪೆಟ್ಟಿಗೆ ಕಟ್ಟುವಾಗ ಕಲ್ಲಿನ ಚೀಲ ಅಂಗಡಿಯ ಮೂಲೆಯಲ್ಲೇ ಇತ್ತು. ನೆನಪಿಸಿದೆ. "ಭಾರ ಆಕ್ಕೇತಿ, ಇರ್ಲಿ ಬಿಡು" ಎಂದರು. ರೊಟ್ಟಿ, ಚಟ್ನಿ ಎಲ್ಲ ಖಾಲಿಯಾಗಿ ಪೆಟ್ಟಿಗೆಯಲ್ಲಿ ಅರ್ಧಕ್ಕರ್ಧ ಜಾಗವಿತ್ತು.

ಹೊರಡುವ ಮುಂಚೆ ಅಂಗಡಿಗೆ ಹೋದಾಗ ಉಸ್ತಾದರು ಚೀಲವನ್ನು ನೋಡಿದರು, ಇವರನ್ನು ನೋಡಿದರು.

ನಿಲ್ದಾಣದಲ್ಲಿ ಎಲಿಫ್ ಕಾರು ನಿಲ್ಲಿಸಲು ಹೋದಳು. ನಾನು ಸಾಮಾನಿನ ಹತ್ತಿರ ನಿಂತೆ. ಮುದುಕರು ಜೇಬು ತಡಕಾಡಿದರು. ಮಾತಿನ ಯಂತ್ರ ಅಂಗಡಿಯಲ್ಲೇ ಉಳಿದಿತ್ತು. ಆಮೇಲೆ ನಮ್ಮವರ ಎರಡೂ ಕೈ ಹಿಡಿದುಕೊಂಡು, ಯಂತ್ರವಿಲ್ಲದೆಯೇ ಏನೋ ಹೇಳತೊಡಗಿದರು. ತುಟಿಗಳಷ್ಟೇ ಆಡುತ್ತಿದ್ದವು. ಒಮ್ಮೆ ನಿಲ್ಲಿಸಿ ಮತ್ತೆ ಹೇಳಿದರು. ನಮ್ಮವರು ಅವರ ಮುಖವನ್ನೇ ನೋಡುತ್ತ ಗೋಣು ಹಾಕಿದರು. ಮುದುಕರ ಮುಖ ಸಡಿಲವಾಯಿತು, ದೊಡ್ಡದೊಂದು ಕೆಲಸ ಮುಗಿಸಿದವರ ಹಾಗೆ.

ಎಲಿಫ್ ಬಂದಳು. ದೂರ ಹೋಗುವವರ ಹಿಂದೆ ನೀರು ಚೆಲ್ಲುವುದು ಅಲ್ಲಿಯ ಪದ್ಧತಿ, ನೀರು ಹರಿದಂತೆ ಸುಸೂತ್ರವಾಗಿ ಹೋಗಿ ಬರಲಿ ಎಂದು. ನಮ್ಮ ಬಸ್ಸಿನ ಹಿಂದೆ ಅವಳು ಬಾಟಲಿಯ ನೀರು ಚೆಲ್ಲಿದಳು.

ಬಸ್ಸು ಊರು ದಾಟಿದ ಮೇಲೆ ಕೇಳಿದೆ, "ಏನಂದ್ರು ಉಸ್ತಾದರು?"

"ತಿಳೀಲಿಲ್ಲ."

"ಮತ್ತ ಗೋಣ ಹಾಕಿದ್ರಲ್ಲ?"

"ತಿಳೀಲಿಲ್ಲಂದ್ರ ಮತ್ತ ಮೊದಲಿಂದ ಹೇಳಬೇಕಾಕ್ಕಿತ್ತು ಅವರು. ಎಷ್ಟ ತ್ರಾಸು ತಗೊಂಡು ಹೇಳಾಕತ್ತಿದ್ರು ನೋಡಿದಿಲ್ಲ?" ಎಂದು ಕಿಟಕಿಯ ಕಡೆ ತಿರುಗಿದರು.

ಮತ್ತೆ ಬನಹಟ್ಟಿ

ಊರಿಗೆ ಬಂದ ಮೇಲೆ ನಮ್ಮವರು ರಿಪೇರಿಗೆ ಬಂದದ್ದನ್ನು ಮಾಡಿ ಕಳಿಸಿದರು. ಹೊಸ ಪೈಪಿಗೆಂದು ತಂದಿಟ್ಟ ಸೀಸಂ ತುಂಡುಗಳನ್ನು ಮಾತ್ರ ಮುಟ್ಟಲಿಲ್ಲ.

ಬೇಸಿಗೆಯ ಬಿಸಿಲು ಏರುವ ಹೊತ್ತಿಗೆ ಎಲಿಫ್‌ಳ ಸಂದೇಶ ಬಂತು. ಕಾಯಿಲೆ ಮರಳಿತ್ತು. ಉಸ್ತಾದರು ತೀರಿಕೊಂಡರು. ಆ ದಿನ ನಮ್ಮವರು ಶೆಡ್ಡಿನ ಬಾಗಿಲು ತೆಗೆಯಲಿಲ್ಲ. ಸ್ನಾನ ಮಾಡಿ ಬಂದು ಪಡಸಾಲೆಯಲ್ಲಿ ಕುಳಿತರು, ಸಂಗಪ್ಪ ಹೋದಾಗ ಕೂತ ಹಾಗೆಯೇ.

ಕೆಲವು ದಿನ ಕಳೆದು ಅವಳೇ ಫೋನ್ ಮಾಡಿದಳು. ಓಣಿಯ ಪಾವರ್‌ಲೂಮುಗಳ ಸದ್ದಿನಲ್ಲಿ ಏನೂ ಕೇಳದೆ ನಾನು ಅಡುಗೆಮನೆಯ ಬಾಗಿಲು ಹಾಕಿಕೊಂಡು ಮಾತಾಡಿದೆ.

"ಒಂದು ಮಾತು ಕೇಳಬೇಕಿತ್ತು," ಎಂದಳು. "ಅಂಗಡಿಯನ್ನು ಏನು ಮಾಡಲಿ ಎಂದು ಕಡೆಯ ದಿನಗಳಲ್ಲಿ ಅಪ್ಪನನ್ನು ಕೇಳಿದೆ. ಯಂತ್ರ ಹಿಡಿಯುವ ಶಕ್ತಿಯೂ ಇರಲಿಲ್ಲ. ಬೆರಳಿನಿಂದ ನನ್ನ ಅಂಗೈ ಮೇಲೆ ಬರೆದರು, ಹಿಂದೂಸ್ತಾನದವನಿಗೆ ಹೇಳಿದ್ದೇನೆ, ಅವನನ್ನು ಕೇಳು, ಎಂದು. ಬಸ್ ನಿಲ್ದಾಣದಲ್ಲಿ ನಿಮ್ಮವರಿಗೆ ಅವರು ಏನು ಹೇಳಿದರು?"

ಒಂದು ನಿಮಿಷ ಎಂದು ಹೇಳಿ ಫೋನು ಹಿಡಿದುಕೊಂಡೇ ಶೆಡ್ಡಿಗೆ ಹೋದೆ. ಮೈಕನ್ನು ಕೈಯಿಂದ ಮುಚ್ಚಿ ನಮ್ಮವರಿಗೆ ಎಲ್ಲ ಹೇಳಿದೆ. ಅವರು ಕೈಯಲ್ಲಿದ್ದ ಪೈಪನ್ನು ಮೆಲ್ಲಗೆ ಕೆಳಗಿಟ್ಟರು.

"ಏನ್ ಹೇಳ್ಲಿ ಆಕಿಗೆ? ತಿಳೀಲಿಲ್ಲಂತ ಹೇಳ್ಬಿಡ್ಲೇನ್ರಿ?"

"ಬ್ಯಾಡ." ಅರಿವೆಯಿಂದ ಒಂದೊಂದೇ ಬೆರಳು ಒರೆಸಿಕೊಂಡರು. "ಆ ಹುಡುಗಿ ಜೀವಂತ ಇರೂತನಾ ಅಪ್ಪನ ಅಂಗಡಿ ನಾ ಮುಚ್ಚಿದೆ ಅಂತ ಕೊರಗ್ತಾಳ. ಮುಚ್ಚು ಅಂದ್ರು ಅಂತ ಹೇಳು. ಮಗಳಿಗೆ ಮುಚ್ಚಾಕ ಹೇಳು, ನಂದು ಸಾಕಾತು ಅಂತ ಅಂದ್ರಂತ ಹೇಳು."

ನಾನು ಹಾಗೆಯೇ ಇಂಗ್ಲಿಷಿನಲ್ಲಿ ಹೇಳಿದೆ. ಆ ಕಡೆಯಿಂದ ಅಳು ಕೇಳಿಸಿತು, ಗಟ್ಟಿಯಾಗಿ, ಸಣ್ಣ ಮಕ್ಕಳು ಅಳುವ ಹಾಗೆ. ನಿಮ್ಮವರ ಕೈಗೆ ಆರೋಗ್ಯವಿರಲಿ ಎಂದು ತಿಳಿಸಿ, ಎಂದು ಅಲ್ಲಿಯವರು ಕೃತಜ್ಞತೆ ಹೇಳುವ ರೀತಿಯಲ್ಲಿ ಹೇಳಿ ಫೋನಿಟ್ಟಳು.

"ಅತ್ಲೇನು?"

"ಹೂಂ."

"ಅಳ್ಲಿ ಬಿಡು."

ನಮ್ಮವರು ಸ್ಟೂಲಿನಿಂದ ಏಳಲಿಲ್ಲ, ಕೆಲಸಕ್ಕೂ ಕೈ ಹಾಕಲಿಲ್ಲ. ನಾನು ಬಾಗಿಲ ತನಕ ಹೋದಾಗ ಹಿಂದಿನಿಂದ ಕೇಳಿದರು, "ಖರೇನ ಹಂಗ ಅಂದಿರಬಹುದೇನ ಅವರು?"

"ಅಂದಿರಬಹುದ್ರಿ" ಎಂದೆ.

ಅವರು ನನ್ನ ಮುಖವನ್ನು ನೋಡಿದರು. ತಾವು ಎಲಿಫ್‌ಳಿಗೆ ಏನು ಕೊಟ್ಟಿದ್ದರೋ ಅದನ್ನೇ ನಾನು ಅವರಿಗೆ ಕೊಡುತ್ತಿದ್ದೇನೆಂದು ಅವರಿಗೆ ತಿಳಿಯಿತು. ಗೋಣು ಹಾಕಿದರು.